ಸಾಲಿಗೆ ಬಂದ ಬದಲಿ ಆಳು

ನಮ್ಮ ಅಬ್ಬಿಗೇರಿಯಲ್ಲಿ ಹೊಲಕ್ಕೆ ಆಳು ಹೇಳಿ ಬರುವುದು ಮನೆಯ ಹೆಂಗಸರ ಕೆಲಸ. ಕಳೆ ತೆಗೆಯುವುದು, ಕಡಲೆ ಕೀಳುವುದು, ಹೆಸರು ಬಿಡಿಸುವುದು ಇವೆಲ್ಲ ಹೆಣ್ಣಾಳು ಮಾಡುವಂಥವು. ಹೆಣ್ಣಾಳಿಗೆ ಹೆಣ್ಣುಮಕ್ಕಳೇ ಹೋಗಿ ಹೇಳಬೇಕು ಅನ್ನುವುದು ಮೊದಲಿನಿಂದ ನಡೆದುಬಂದದ್ದು. ಹಿಂದಿನ ದಿನ ಸಂಜೆ, ಅವರು ಕೂಲಿಯಿಂದ ಬಂದು ಕೈಕಾಲು ತೊಳೆದುಕೊಂಡು ಒಲೆ ಹಚ್ಚುವ ಹೊತ್ತಿಗೆ ಸರಿಯಾಗಿ ಅವರ ಓಣಿಗೆ ಹೋಗಬೇಕು. ಬಾಗಿಲಲ್ಲಿ ನಿಂತು "ನಾಳೆ ಆಳಿಗೆ ಬರ್ರಿಬೇ" ಅನ್ನಬೇಕು. ಅವರು "ಹೂಂನ್ರಿ" ಅಂದರೆ ಮುಗಿಯಿತು. ಒಮ್ಮೆ ಹೂಂ ಅಂದವಳು ಬರಲೇಬೇಕು. ಮೈಯಲ್ಲಿ ಆರಾಮಿಲ್ಲ, ಬೀಗರು ಬಂದಿದ್ದಾರೆ ಅಂತಾದರೆ ತನ್ನ ಬದಲಿಗೆ ತಂಗಿಯನ್ನೋ ಸೊಸೆಯನ್ನೋ ಮಗಳನ್ನೋ ಕಳಿಸಬೇಕು. ಅದಕ್ಕೆ ಬದಲಿ ಆಳು ಅನ್ನುತ್ತೇವೆ. ಸುಮ್ಮನೆ ತಪ್ಪಿಸಿದವಳ ಬಾಗಿಲಿಗೆ ಮುಂದಿನ ಸಲ ಕಾಲು ಅಷ್ಟು ಬೇಗ ಹೋಗುವುದಿಲ್ಲ. ಅದು ನಮಗೂ ಗೊತ್ತು, ಅವರಿಗೂ ಗೊತ್ತು. ಯಾರೂ ಬಾಯಿಬಿಟ್ಟು ಆಡುವುದಿಲ್ಲ.

ಇದನ್ನೇ ಮೊದಲು ಹೇಳಲು ಕಾರಣವಿದೆ. ಆ ಓಣಿಯ ಒಬ್ಬ ಹುಡುಗಿ ಹತ್ತನೇತ್ತಿಯಲ್ಲಿ ನಪಾಸಾದಳು. ಅದರಲ್ಲಿ ನನ್ನ ಪಾಲೂ ಇದೆ. ಎಷ್ಟು ಅಂತ ಇಂದಿಗೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ, ಆದರೆ ಇದೆ.

ನನ್ನ ತವರು ನರಗುಂದ. ಪಿಯುಸಿ ಮುಗಿಸಿ ಈ ಮನೆಗೆ ಸೊಸೆಯಾಗಿ ಬಂದೆ. ಕಾಲುವೆ ನೀರು ಕಂಡ ಊರಿನಿಂದ ಬರೀ ಮಳೆ ನಂಬಿದ ಎರೆ ಹೊಲದ ಊರಿಗೆ. ಮಕ್ಕಳು ದೊಡ್ಡವರಾದರು, ಅತ್ತೆ ತೀರಿಕೊಂಡರು, ಸಂಜೆಗಳು ಖಾಲಿಯಾದವು. ಅದೇ ಹೊತ್ತಿಗೆ ರೋಣದಲ್ಲಿ ಕೂಲಿಕಾರರಿಗೆ ನೆರವಾಗುವ ಒಂದು ಸಣ್ಣ ಸಂಸ್ಥೆಯವರು ನಮ್ಮೂರಿಗೆ ಬಂದರು. ಕಾರ್ಮಿಕರ ಕಾರ್ಡಿಗೆ ಅರ್ಜಿ ತುಂಬಿಕೊಡುವುದು, ಕಣ್ಣಿನ ತಪಾಸಣೆ ಮಾಡಿಸುವುದು, ಊರೂರಲ್ಲಿ ಸಂಜೆ ಹೊತ್ತು ಓದು ಬರಹ ಕಲಿಸುವುದು ಅವರ ಕೆಲಸ. ನಮ್ಮೂರಿಗೆ ಕಲಿಸುವವರು ಬೇಕಾಗಿದ್ದರು. ನಾನು ಒಪ್ಪಿಕೊಂಡೆ. ನಮ್ಮ ಮನೆಯ ಪಡಸಾಲೆಯನ್ನೇ ಬಿಟ್ಟುಕೊಟ್ಟೆ. ಕಾಳಿನ ಚೀಲಗಳನ್ನು ಒಂದು ಕಡೆ ಒಟ್ಟಿ, ಜಮಖಾನೆ ಹಾಸಿ, ಗೋಡೆಗೆ ಕರಿಹಲಗೆ ತೂಗುಹಾಕಿಸಿದೆ. ಇದೆಲ್ಲ ದೀಪಾವಳಿ ಮುಗಿದ ಮೇಲಿನ ಮಾತು.

ಮೊದಲ ವಾರ ಮೂವರು ಬಂದರು. ಎರಡನೆಯ ವಾರ ಅದರಲ್ಲೂ ಒಬ್ಬಳು ತಪ್ಪಿಸಿದಳು. ಹಾಜರಿ ಪುಸ್ತಕ ನೋಡಲು ರೋಣದಿಂದ ಬರುವವರಿಗೆ ಏನು ತೋರಿಸಲಿ ಅನ್ನುವ ಚಿಂತೆ ನನಗೆ. ಆಗ ನನಗೆ ನಾನೇ ಜಾಣತನ ಅಂದುಕೊಂಡ ಒಂದು ಉಪಾಯ ಹೊಳೆಯಿತು. ಹೇಗೂ ಆಳು ಹೇಳಲು ಆ ಓಣಿಗೆ ಹೋಗುತ್ತೇನಲ್ಲ, ಅದೇ ಸುತ್ತಿನಲ್ಲಿ ತರಗತಿಗೂ ಹೇಳಿಬಿಟ್ಟರಾಯಿತು. ಅಂದಿನಿಂದ ಪ್ರತಿ ಬಾಗಿಲಲ್ಲೂ ನಿಂತು "ನಾಳೆ ಕಡಲಿ ಕೀಳಾಕ ಬರ್ರಿಬೇ, ಸಂಜಿಕ ಸಾಲಿಗೂ ಬರ್ರಿ" ಅನ್ನತೊಡಗಿದೆ. "ಹೂಂನ್ರಿ ಅವ್ವಾರ" ಅಂದರು. ಮರುದಿನ ಸಂಜೆ ಜಮಖಾನೆ ಸಾಲದೆ ಎರಡು ಗೋಣಿತಟ್ಟು ಹಾಸಬೇಕಾಯಿತು.

ನನಗೆ ಎಷ್ಟು ಹಿಗ್ಗು! ಅಕ್ಷರದ ಆಸೆ ಅಂದರೆ ಇದು ಅಂತ ಮನೆಯವರ ಮುಂದೆ ಹೇಳಿಕೊಂಡೆ. ನಮ್ಮ ಕಡೆ ಸಾಲಿ ಕಲಿಸುವವರನ್ನು ಅಕ್ಕೋರು ಅನ್ನುತ್ತಾರೆ. ಅವರು ಮಾತ್ರ ನನ್ನನ್ನು ಪಡಸಾಲೆಯಲ್ಲೂ ಹೊಲದಲ್ಲಿ ಕರೆದ ಹಾಗೇ ಅವ್ವಾರ ಅಂತಲೇ ಕರೆಯುತ್ತಿದ್ದರು. ಅದನ್ನೂ ಪ್ರೀತಿ ಅಂದುಕೊಂಡೆ.

ಕಡಲೆ ಸುಗ್ಗಿ ನಡೆದಿತ್ತು. ಕಡಲೆಯನ್ನು ಬಿಸಿಲೇರುವ ಮೊದಲೇ, ಇಬ್ಬನಿಯ ತಂಪಿನಲ್ಲಿ ಕೀಳಬೇಕು. ಬಿಸಿಲು ಬಿದ್ದರೆ ಕಾಯಿ ಉದುರುತ್ತವೆ. ಹಾಗಾಗಿ ಅವರು ನಸುಕಿಗೇ ಹೊಲದಲ್ಲಿರುತ್ತಿದ್ದರು. ಗಿಡದ ಹುಳಿ ಹತ್ತಿ ಬೆರಳು ಸೀಳುತ್ತವೆ. ಬೆರಳಿಗೆಲ್ಲ ಹಳೇ ಸೀರೆಯ ಚಿಂದಿ ಸುತ್ತಿಕೊಂಡು ಸಂಜೆ ನನ್ನ ಮುಂದೆ ಬಳಪ ಹಿಡಿದು ಕೂಡುತ್ತಿದ್ದರು. ನಾನು ಅವರ ಹಿಂದೆ ಹಿಂದೆ ಓಡಾಡುತ್ತ "ಗಟ್ಟಿ ಹಿಡೀರಿ, ಗಟ್ಟಿ" ಅನ್ನುತ್ತಿದ್ದೆ.

ಅವರಲ್ಲಿ ಒಬ್ಬ ಮುದುಕಿ ಇದ್ದಳು. ಬಾಯಿ ಜೋರು, ಎಲೆಅಡಿಕೆಯ ಚೀಲ ಸೊಂಟ ಬಿಟ್ಟದ್ದಿಲ್ಲ.

"ಅವ್ವಾರ, ಈ ಅಕ್ಷರಕ್ಕ ಬಾಲ ಹಚ್ಚೂದಕ್ಕಿಂತ ಎಮ್ಮಿ ಬಾಲ ಹಿಡಕೊಂಡು ಹಳ್ಳ ದಾಟೂದು ಹಗರ ನೋಡ್ರಿ" ಅನ್ನುತ್ತಿದ್ದಳು.

"ನೀ ಕಲಿ ಮುದುಕಿ, ಸ್ವರ್ಗದ ಬಾಗಿಲದಾಗ ಸಹಿ ಕೇಳ್ತಾರಂತ" ಅಂತ ಯಾರೋ ಕಿಚಾಯಿಸಿದರೆ, "ಅಲ್ಲೂ ಹೆಬ್ಬಟ್ಟ ಒತ್ತತೀನಿ ತಗೋ. ಬರ್ಕೊಳ್ಳಾಕ ಚಿತ್ರಗುಪ್ತ ಅದಾನಲ್ಲ, ಅವಗೇನ್ ಕೆಲಸ?" ಅನ್ನುವಳು. ಇಡೀ ಪಡಸಾಲೆ ನಗುತ್ತಿತ್ತು.

ಆ ಗುಂಪಿನ ಮುಂದಾಳು ಬೇರೊಬ್ಬಳು. ನನಗಿಂತ ಏಳೆಂಟು ವರ್ಷ ಚಿಕ್ಕವಳು. ಎತ್ತರದ ಆಳು, ಮಾತು ಕಡಿಮೆ. ಅವಳು ಹೂಂ ಅಂದರೆ ಆರು ಜನ ಹೂಂ ಅಂದಂತೆ. ಅವಳ ಹಿರಿಯ ಮಗಳೇ ಆ ಹತ್ತನೇತ್ತಿಯ ಹುಡುಗಿ. ಒಂದು ಸಂಜೆ ಚಹಾ ಕುಡಿಯುವಾಗ ಅವಳೇ ಹೇಳಿದ್ದಳು:

"ಇಕಿ ಒಬ್ಬಾಕಿ ಪಾಸಾದ್ರ ಸಾಕ್ರಿ ಅವ್ವಾರ. ನಮ್ಮ ಓಣ್ಯಾಗ ಹತ್ತನೇತ್ತಿ ದಾಟಿದ ಹೆಣ್ಣುಡುಗಿ ಒಬ್ಬಾಕಿನೂ ಇಲ್ಲ. ಪಾಸಾದ್ರ ರೋಣದ ಕಾಲೇಜಿಗೆ ಹಾಕತೀನಿ. ಇಲ್ಲಂದ್ರ ನನ್ನ ಹಿಂದ ಟಂಟಂ ಹತ್ತೂದ."

ಟಂಟಂ ಅಂದರೆ ನಮ್ಮೂರಿಂದ ಹೊರಗಿನ ಹೊಲಗಳಿಗೆ ಆಳು ತುಂಬಿಕೊಂಡು ಹೋಗುವ ಮೂರು ಗಾಲಿಯ ಗಾಡಿ. ಅದನ್ನು ಒಮ್ಮೆ ಹತ್ತಿದ ಹುಡುಗಿಯರು ಮದುವೆಯಾಗುವ ತನಕ ಇಳಿಯುವುದಿಲ್ಲ. "ಚಲೋ ಓದಸು, ಆಕಿ ಶ್ಯಾಣ್ಯಾಕಿ ಅದಾಳ" ಅಂದೆ. ಅಂದವಳೇ ಆ ತಾಯಿಯ ಪಾಟಿ ತಗೊಂಡು, ಅವಳ ಕೈಮೇಲೆ ನನ್ನ ಕೈಯಿಟ್ಟು ಅಕ್ಷರ ತಿದ್ದಿಸಿದೆ. ಅವಳ ಅಕ್ಷರ ಮೊದಲ ದಿನದಿಂದಲೂ ದುಂಡಗಿದ್ದವು. ನಾನು ಚೆನ್ನಾಗಿ ಕಲಿಸುತ್ತಿದ್ದೇನೆ ಅಂದುಕೊಂಡೆ. ಅವಳು ಕೈ ಸಡಿಲ ಬಿಟ್ಟು ನಾನು ತಿದ್ದಿಸಿದ ಹಾಗೆ ತಿದ್ದಿದಳು.

ಮಾರ್ಚಿನಲ್ಲಿ ಒಂದು ಸಂಜೆ ಎಲ್ಲರೂ ಬಂದು ಕೂತಿದ್ದರು, ಅವಳೊಬ್ಬಳು ಇರಲಿಲ್ಲ. ಹಾಜರಿ ತೆಗೆದುಕೊಳ್ಳುವಾಗ ಹೊಸ್ತಿಲ ಹೊರಗೆ ಯಾರೋ ನಿಂತಂತಾಯಿತು. ಅವಳ ಮಗಳು. ಸಾಲಿಯ ಸಮವಸ್ತ್ರ ಇನ್ನೂ ಕಳಚಿರಲಿಲ್ಲ, ಎರಡು ಜಡೆ, ಕೈಗೆಲ್ಲ ಜೋಳದ ಹಿಟ್ಟು.

"ಯಾಕಬೇ, ನಿಮ್ಮವ್ವ ಎಲ್ಲಿ?" ಅಂದೆ.

"ಅವ್ವಗ ಜ್ವರ ಬಂದಾವ್ರಿ. ಬದಲಿಗೆ ನಾ ಬಂದೇನ್ರಿ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಮುದುಕಿ ತೊಡೆ ತಟ್ಟಿಕೊಂಡು ನಕ್ಕಳು. "ಇವತ್ತ ಬಂತ ನೋಡ್ರಿ ಅವ್ವಾರ ಖರೇ ಆಳು! ಹತ್ತನೇತ್ತಿ ಓದಿದ್ದು!" ಪಡಸಾಲೆಗೆ ಪಡಸಾಲೆಯೇ ನಕ್ಕಿತು. ನನಗಂತೂ ಕಣ್ಣಲ್ಲಿ ನೀರು ಬರುವಷ್ಟು ನಗು. ಹುಡುಗಿ ನಗಲಿಲ್ಲ. ಅವ್ವ ಕಳಿಸಿದ್ದಾಳೆ, ಬಂದಿದ್ದೇನೆ, ಎಲ್ಲಿ ಕೂಡಲಿ ಅನ್ನುವಂತೆ ನೋಡುತ್ತಿದ್ದಳು.

ಅವಳ ಪರೀಕ್ಷೆಗೆ ಇನ್ನು ಎಂಟೊಂಬತ್ತು ದಿನವಿತ್ತು. ಅದು ನನಗೆ ಗೊತ್ತಿತ್ತು. ಮನೆಗೆ ಹೋಗಿ ಓದಿಕೋ ಅನ್ನಲು ಒಂದು ಮಾತು ಸಾಕಿತ್ತು. ಅನ್ನಲಿಲ್ಲ. ಅವಳ ಕೈಗೆ ಸೀಮೆಸುಣ್ಣ ಕೊಟ್ಟು, "ಬಾ, ಹಲಗಿ ಮ್ಯಾಲ ಬರದು ತೋರಸು" ಅಂದೆ. ಅವಳು ಬರೆದಳು. ಹೆಂಗಸರು ನೋಡಿ ಬರೆದುಕೊಂಡರು. ನಾನು ಕಂಬಕ್ಕೆ ಒರಗಿ ಕೂತು ಕಾಲು ಚಾಚಿದೆ. ದಿನವಿಡೀ ಮನೆಗೆಲಸ ಮಾಡಿ ಸೊಂಟ ನೋಯುತ್ತಿತ್ತು, ಹಾಯೆನಿಸಿತು. ಹಾಜರಿ ಪುಸ್ತಕದಲ್ಲಿ ಅವಳ ತಾಯಿಯ ಹೆಸರಿನ ಮುಂದೆ ಗುರುತು ಹಾಕಿದೆ. ಬದಲಿ ಆಳು ಬಂದರೆ ಹಾಜರಿ ಬಿದ್ದಂತೆಯೇ ಅಲ್ಲವೇ?

ಜ್ವರ ನಾಲ್ಕು ದಿನ ಇತ್ತು. ಹುಡುಗಿ ನಾಲ್ಕೂ ಸಂಜೆ ಬಂದಳು.

ಏಪ್ರಿಲಿನಲ್ಲಿ ಗಜೇಂದ್ರಗಡದಲ್ಲಿ ಸಂಸ್ಥೆಯ ಸಭೆಯಾಯಿತು. ಸುತ್ತಲಿನ ಊರುಗಳಲ್ಲಿ ಕಲಿಸುವವರೆಲ್ಲ ಬಂದಿದ್ದರು. ತಂತಮ್ಮ ಅನುಭವ ಹೇಳಿರಿ ಅಂದಾಗ ನಾನು ಎದ್ದುನಿಂತು ಈ ಕಥೆಯನ್ನೇ ಹೇಳಿದೆ. ಹುಡುಗಿಯ ದನಿ ತೆಗೆದು "ಬದಲಿಗೆ ನಾ ಬಂದೇನ್ರಿ" ಅಂದಾಗ ಸಭೆ ಹೋ ಅಂತ ನಕ್ಕಿತು. ನಮ್ಮ ತರಗತಿ ಎಂದೂ ಖಾಲಿ ಇರುವುದಿಲ್ಲ, ಜ್ವರ ಬಂದರೂ ಬದಲಿಗೆ ಕಳಿಸುತ್ತಾರೆ ಅಂತ ಸೇರಿಸಿದೆ. ಚಪ್ಪಾಳೆ ಬಿತ್ತು. ಕಾರ್ಡಿನ ಅರ್ಜಿ ತುಂಬುವ ಅಲ್ಲಿನ ಹಿರಿಯರೊಬ್ಬರು ಮಾತ್ರ ನಗದೆ ಕೇಳಿದರು: "ಆ ಹುಡುಗಿ ಪರೀಕ್ಷಾ ಯಾವಾಗಿತ್ರೀ ಅಕ್ಕೋರ?"

"ಮಾರ್ಚಿನ್ಯಾಗ ಆತ್ರಿ. ಶ್ಯಾಣ್ಯಾಕಿ ಅದಾಳ, ಪಾಸಾಗ್ತಾಳ" ಅಂದು ಕೂತೆ. ಅಷ್ಟರಲ್ಲಿ ಚಹಾ ಬಂತು.

ಬೇಸಿಗೆಯಲ್ಲಿ ತರಗತಿಗೆ ರಜೆ, ಹೊಲದಲ್ಲೂ ಕೆಲಸವಿಲ್ಲ. ನಾನು ತವರಿಗೆ ಹೋಗಿ ಬಂದೆ, ಹಪ್ಪಳ ಶಾವಿಗೆ ಮಾಡಿಕೊಂಡೆ. ಆ ಓಣಿಗೆ ಕಾಲಿಡಲೇ ಇಲ್ಲ. ಫಲಿತಾಂಶ ಬಂದಾಗ ಟಿ.ವಿ.ಯಲ್ಲಿ ನೋಡಿದೆ, ಹೋಗಿ ಕೇಳಬೇಕು ಅಂದುಕೊಂಡೆ, ಮರೆತೆ. ಬೇಕಾದಾಗ ಹೋಗಲು ನೆನಪಾಗುತ್ತದೆ, ಬೇಡವಾದಾಗ ಮರೆಯುತ್ತದೆ.

ಜೂನಿನಲ್ಲಿ ಹೆಸರು ಬಿತ್ತಿದ್ದೆವು. ಒಳ್ಳೆ ಹದ ಮಳೆಯಾಗಿ ಬೆಳೆಗಿಂತ ಕಳೆಯೇ ಮೇಲೆದ್ದಿತು. ಆಳು ಹೇಳಲು ಹೋದೆ. ಹುಡುಗಿಯ ತಾಯಿ ಬಾಗಿಲ ಹೊರಗಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮುದುಕಿ ಎದುರು ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತಿದ್ದಳು.

"ನಾಳೆ ಆರು ಮಂದಿ ಬರ್ರಿಬೇ, ಕಳೆ ಭಾಳ ಆಗೇತಿ" ಅಂದೆ.

"ಏಳು ಮಂದಿ ಅಕ್ಕೇವ್ರಿ ಅವ್ವಾರ. ಹುಡುಗಿನೂ ಬರ್ತಾಳ."

"ಹುಡುಗಿ? ಆಕಿ ಸಾಲಿ?"

"ಎಲ್ಲಿ ಸಾಲಿ ಬಿಡ್ರಿ. ಗಣಿತದಾಗ ಹೋತು."

ನಾನು ಬಾಯಿಗೆ ಬಂದದ್ದನ್ನು ಆಡಿದೆ. "ಅಯ್ಯ, ಅಷ್ಟ ಶ್ಯಾಣ್ಯಾ ಹುಡುಗಿ! ಹಲಗಿ ಮ್ಯಾಲ ಎಷ್ಟ ಚಂದ ಬರೀತಿದ್ಲು! ಮನ್ಯಾಗ ಕುಂತು ಓದಲಿಲ್ಲೇನು?"

ಅವಳು ರೊಟ್ಟಿ ತಿರುವಿ ಹಾಕಿದಳು. ಉತ್ತರ ಬಂದದ್ದು ಕಟ್ಟೆಯ ಮೇಲಿನಿಂದ.

"ಯಾವಾಗ ಓದಬೇಕ್ರಿ ಅದು? ಸಂಜಿಕ ನಳ ಬರ್ತಾವ, ನೀರು ಹಿಡೀಬೇಕು. ರೊಟ್ಟಿ ಬಡೀಬೇಕು. ಸಣ್ಣ ಹುಡುಗ್ರನ್ನ ನೋಡಬೇಕು. ಅವರವ್ವ ಅಷ್ಟೊತ್ತನೂ ನಿಮ್ಮ ಪಡಸಾಲ್ಯಾಗ ಇರತಿದ್ಲು. ಚಳಿಗಾಲ ಪೂರ್ತಿ ಆ ಹುಡುಗಿ ಕೈಯಾಗ ಪುಸ್ತಕ ಕಂಡಿಲ್ಲ ನಾ."

"ಮತ್ತ ಅವರವ್ವ ಕಲೀಬಾರದೇನು?" ಅಂದೆ. ನನ್ನ ದನಿ ಸ್ವಲ್ಪ ಏರಿತ್ತು.

"ಇಕಿಗೆ ಏನು ಕಲಸ್ತೀರಿ ನೀವು? ಏಳನೇತ್ತಿ ಪಾಸಾಗ್ಯಾಳಿಕಿ! ನಮ್ಮ ಓಣಿ ಲಗ್ನಪತ್ರಿಕಾ ಎಲ್ಲಾ ಇಕೀನ ಓದತಾಳ."

"ಸುಮ್ಮಕಿರಬೇ ಆಯಿ" ಅಂದಳು ಇವಳು, ತಲೆ ಎತ್ತದೆ.

ನಾನು ಅವಳ ಕೈಮೇಲೆ ಕೈಯಿಟ್ಟು ತಿದ್ದಿಸಿದ್ದು ನೆನಪಾಯಿತು. ಮೊದಲ ದಿನ ನಾನು ಯಾರಿಗೆ ಎಷ್ಟು ಓದು ಬರುತ್ತದೆ ಅಂತ ಕೇಳಿರಲೇ ಇಲ್ಲ. ಬರುವುದಿಲ್ಲ ಅಂತ ನನ್ನಷ್ಟಕ್ಕೆ ನಾನೇ ಇಟ್ಟುಕೊಂಡಿದ್ದೆ.

"ಓದಾಕ ಬರ್ತಿದ್ರ ಮತ್ತ ಯಾಕ ಬಂದಿ ನೀ? ನನಗ ಹೇಳಬಾರದಾ?" ಅಂತ ಕೇಳಿದೆ. ಕೇಳಿದಾಗ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅವಳು ಈಗ ನನ್ನನ್ನು ನೋಡಿದಳು. ಸಿಟ್ಟೇನೂ ಇರಲಿಲ್ಲ, ಇದೇನು ಕೇಳುತ್ತಿದ್ದಾರೆ ಅನ್ನುವ ಹಾಗೆ.

"ನೀವು ಹೇಳಾಕ ಬಂದಿದ್ರಲ್ರಿ" ಅಂದಳು.

ಮನೆಗೆ ಬಂದು ಹಾಜರಿ ಪುಸ್ತಕ ತೆಗೆದು ಕೂತೆ. ಪುಟದ ತುಂಬ ಗುರುತುಗಳು, ಒಂದೂ ಖಾಲಿಯಿಲ್ಲ. ಅಷ್ಟು ಜನರಲ್ಲಿ ಕಲಿಯಲು ಬಂದವರು ಯಾರು, ನಾನು ಹೇಳಿದೆ ಅಂತ ಬಂದವರು ಯಾರು ಅಂತ ಆರಿಸಲು ನೋಡಿದೆ. ಆಗಲಿಲ್ಲ. ಹೊಲದ ಆಳು ತಪ್ಪೀತು ಅಂತ ಹೆದರಿ ನಸುಕಿಗೆ ಎದ್ದು, ಕೈ ಸೀಳಿಸಿಕೊಂಡು, ಸಂಜೆ ಒಲೆ ಬಿಟ್ಟು ಬಂದು, ಬರುವ ಅಕ್ಷರವನ್ನೇ ಬರದವಳ ಹಾಗೆ ತಿದ್ದಿದ್ದಳು ಒಬ್ಬಳು. ಇನ್ನೆಷ್ಟು ಜನರೋ.

ಮರುದಿನ ನಸುಕಿಗೇ, ಅವರು ಹೊಲಕ್ಕೆ ಹೊರಡುವ ಮೊದಲೇ, ಮತ್ತೆ ಹೋದೆ. ಈ ಸಲ ಬಾಗಿಲಲ್ಲಿ ನಿಲ್ಲದೆ ಕಟ್ಟೆಯ ಮೇಲೆ ಕೂತೆ. ಇನ್ನೊಂದು ಪರೀಕ್ಷೆ ಆಗಸ್ಟಿನಲ್ಲಿದೆ, ಹುಡುಗಿಯನ್ನು ನಮ್ಮ ಹೊಲಕ್ಕೆ ಆಳಿಗೆ ಕಳಿಸಬೇಡ, ನಮ್ಮ ಪಡಸಾಲೆಯಲ್ಲಿ ಕೂತು ಓದಲಿ, ನಿನ್ನನ್ನು ಇನ್ನು ತರಗತಿಗೆ ಕರೆಯುವುದಿಲ್ಲ ಅಂದೆ. ಅವಳು "ಹೂಂನ್ರಿ" ಅಂದಳು. ಅಷ್ಟೇ ಸಲೀಸಾಗಿ. ಕಡಲೆ ಕೀಳಲು ಕರೆದಾಗಲೂ ಇದೇ ಹೂಂ.

ಹುಡುಗಿ ನಮ್ಮ ಮನೆಗೆ ಬರಲಿಲ್ಲ, ನಮ್ಮ ಹೊಲಕ್ಕೂ ಬರಲಿಲ್ಲ. ನಾಲ್ಕು ದಿನ ಕಾದೆ. ಒಂದು ಸಂಜೆ ಗಿರಣಿಗೆ ಜೋಳ ಒಯ್ದಾಗ ಕಂಡಳು. ಹೊಳೆಆಲೂರು ಕಡೆಯಿಂದ ಬಂದ ಟಂಟಂನಿಂದ ಇಳಿಯುತ್ತಿದ್ದಳು. ತಲೆಗೆ ಟವೆಲು, ಹೆಗಲಿಗೆ ಬುತ್ತಿಯ ಚೀಲ. ನಮ್ಮ ಹೊಲಕ್ಕೆ ಕಳಿಸಬೇಡ ಅಂದಿದ್ದೆನಲ್ಲ, ಅವಳ ತಾಯಿ ನನ್ನ ಮಾತನ್ನೂ ಮೀರದೆ ಬೇರೆ ಹೊಲಕ್ಕೆ ಕಳಿಸಿದ್ದಳು.

"ಓದೂದು ಬಿಟ್ಟೇನು?" ಅಂತ ಕೇಳಿದೆ.

"ಇಲ್ರಿ. ಪರೀಕ್ಷಾಕ್ಕ ಅರ್ಜಿ ತುಂಬೀನಿ. ನಮ್ಮ ಸಾಲಿ ಸರ್ ತುಂಬಿಸಿದ್ರು. ಅವ್ವಗ ಇನ್ನಾ ಹೇಳಿಲ್ಲ."

"ನಾ ಹೇಳಲೇನು ಅವ್ವಗ?"

"ಬ್ಯಾಡ್ರಿ!" ಅವಳು ಎರಡು ಹೆಜ್ಜೆ ಮುಂದೆ ಬಂದಳು. "ನೀವು ಹೇಳಿದ್ರ ಅವ್ವ ನಿಮಗ ಹೂಂ ಅಂತಾಳ. ನೀವು ಹ್ವಾದಮ್ಯಾಲ ನನಗ ಬೈತಾಳ. ನಾನ ಹೇಳ್ತೀನ್ರಿ. ನೀವು ಒಂದೀಟು ದಿನ ನಮ್ಮನಿಗೆ ಬರಬ್ಯಾಡ್ರಿ ಅವ್ವಾರ."

ಹದಿನಾರು ತುಂಬದ ಹುಡುಗಿ. ಎಷ್ಟು ಮೆಲ್ಲಗೆ ಹೇಳಿದಳೆಂದರೆ, ಗಿರಣಿಯ ಸದ್ದಿನಲ್ಲಿ ಪಕ್ಕದಲ್ಲಿದ್ದವರಿಗೆ ಕೇಳಲಿಲ್ಲ. ನನ್ನ ಮಾನ ಕಾಯುವ ಯೋಚನೆ ಅವಳಿಗಿತ್ತು.

ನಾನು ಹೋಗಲಿಲ್ಲ. ಆಳು ಹೇಳಲು ಮೈದುನನ ಹೆಂಡತಿ, ನನ್ನ ನೆಗೆಣ್ಣಿಯನ್ನು ಕಳಿಸತೊಡಗಿದೆ. ರೋಣದವರಿಗೆ ಎಲ್ಲವನ್ನೂ ಹೇಳಿದೆ. ಆಳು ಕರೆಯುವ ಮನೆಯವರು ಸಾಲಿಗೆ ಕರೆಯಬಾರದು, ಬೇರೆ ಯಾರನ್ನಾದರೂ ಹುಡುಕಿರಿ, ಪಡಸಾಲೆಯೂ ಬೇಡ, ಅವರ ಓಣಿಯಲ್ಲೇ ಎಲ್ಲಾದರೂ ಮಾಡಿರಿ ಅಂದೆ. ಫೋನಿನಲ್ಲಿ ಹೇಳಿದೆ, ಎದುರು ಕೂತು ಹೇಳುವಷ್ಟು ಧೈರ್ಯವಿರಲಿಲ್ಲ. ಈಗ ಅಲ್ಲಿ ಬೇರೊಬ್ಬಳು ಕಲಿಸುತ್ತಾಳೆ. ನಾಲ್ಕೈದು ಜನ ಬರುತ್ತಾರಂತೆ. ಮುದುಕಿ ಬರುತ್ತಾಳಂತೆ, ಅದು ನನಗೆ ಆಶ್ಚರ್ಯ.

ಇಷ್ಟೆಲ್ಲ ಆದ ಮೇಲೆ ನಾನು ತಿದ್ದಿಕೊಂಡೆ ಅಂದುಕೊಂಡಿದ್ದೆ.

ಆಗಸ್ಟಿನಲ್ಲಿ ಹೆಸರುಕಾಯಿ ಒಣಗಿ ಕಪ್ಪಾದವು. ಅದೇ ಹೊತ್ತಿಗೆ ಮೋಡ ಕಟ್ಟಿತು. ಮಾಗಿದ ಹೆಸರಿಗೆ ಮಳೆ ಹತ್ತಿದರೆ ಕಾಳು ಗಿಡದಲ್ಲೇ ಮೊಳಕೆ ಬರುತ್ತದೆ. ಒಂದು ದಿನ ತಡವಾದರೂ ಬೆಳೆ ಹೋದಂತೆಯೇ. ನೆಗೆಣ್ಣಿ ತವರಿಗೆ ಹೋಗಿದ್ದಳು. ಮನೆಯವರು ಮೂರು ಸಲ ಆಕಾಶ ನೋಡಿ ಬಂದು ನನ್ನ ಮುಖ ನೋಡಿದರು. ನಾನೇ ಹೋಗಬೇಕಾಯಿತು.

ತಾಯಿ ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ಒಳಗೆ ಬಲ್ಬಿನ ಕೆಳಗೆ ಗೋಡೆಗೆ ಮುಖ ಮಾಡಿ ಕೂತು ಲೆಕ್ಕ ಮಾಡುತ್ತಿದ್ದಳು. ನನ್ನ ದನಿ ಕೇಳಿದರೂ ತಿರುಗಲಿಲ್ಲ.

"ನಾಳೆ ಹೆಸರು ಬಿಡಸಾಕ ಬರ್ರಿಬೇ. ಮ್ವಾಡ ಆಗೇತಿ, ತಡ ಮಾಡಂಗಿಲ್ಲ" ಅಂದೆ.

ಅವಳ ಕೈ ಒಂದು ಗಳಿಗೆ ಹಿಟ್ಟಿನ ಮೇಲೆಯೇ ನಿಂತಿತು.

"ನಾಳೆ ಆಗಂಗಿಲ್ರಿ ಅವ್ವಾರ. ಹುಡುಗಿ ಗಣಿತ ಪರೀಕ್ಷಾ ಐತಿ. ರೋಣಕ್ಕ ಕರ್ಕೊಂಡು ಹೊಂಟೀನಿ."

ನಾನು ಈ ಮನೆಗೆ ಬಂದು ಇಷ್ಟು ವರ್ಷವಾದರೂ ಆ ಬಾಗಿಲಲ್ಲಿ ಆಗುವುದಿಲ್ಲ ಅನ್ನುವ ಮಾತು ಕೇಳಿರಲಿಲ್ಲ. ಅದನ್ನು ಕೇಳಿ ನನಗೆ ಸಂತೋಷವಾಗಬೇಕಿತ್ತು. ಚಲೋ ಆಯಿತು, ಹೋಗಿ ಬಾ ಅನ್ನಬೇಕಿತ್ತು. ಹುಡುಗಿಗೆ ಒಂದು ಒಳ್ಳೆಯ ಮಾತು ಆಡಬೇಕಿತ್ತು. ನನ್ನ ಬಾಯಿಂದ ಬಂದದ್ದು ಇದು:

"ಹಂಗಂದ್ರ ನಮ್ಮ ಹೆಸರಿನ ಗತಿ ಏನಬೇ?"

ಒಳಗೆ ಪೆನ್ಸಿಲ್ಲಿನ ಸದ್ದು ನಿಂತಿತು.

ಅವಳು ಹಂಚಿನ ಮೇಲಿನ ರೊಟ್ಟಿಯನ್ನು ಬಟ್ಟೆಯಿಂದ ಒತ್ತಿ, ತಿರುವಿ, ಮತ್ತೆ ಒತ್ತಿ, ತೆಗೆದು ಬುಟ್ಟಿಗೆ ಹಾಕಿದಳು. "ನಾಡದ ಬರ್ತೀನ್ರಿ" ಅಂದಳು. ಒಳಗೆ ಮತ್ತೆ ಪೆನ್ಸಿಲ್ಲು ಓಡಿತು.

ಅವಳ ಮನೆ ದಾಟಿ ಇನ್ನೂ ಐದು ಬಾಗಿಲಿಗೆ ಹೇಳುವುದಿತ್ತು. ಹೇಳಲಾಗಲಿಲ್ಲ, ತಿರುಗಿ ಬಂದೆ. ಮರುದಿನ ನಾನೂ ಮನೆಯವರೂ ಇಬ್ಬರೇ ಹೊಲಕ್ಕಿಳಿದೆವು. ಆಗಾಗ ಸೊಂಟ ನೆಟ್ಟಗೆ ಮಾಡಿ ನಿಂತಾಗ ದೂರದಲ್ಲಿ ರೋಣದ ದಾರಿಯ ಬಸ್ಸು ಹೋಗುವುದು ಕಾಣುತ್ತಿತ್ತು. ಮಧ್ಯಾಹ್ನದ ಮೇಲೆ ಮಳೆ ಬಂತು. ಅರ್ಧಕ್ಕಿಂತ ಹೆಚ್ಚು ಹೆಸರು ಗಿಡದಲ್ಲೇ ಉಳಿಯಿತು. ಮನೆಯವರು ಗೊಣಗಿದರು, ನಾನು ಗೊಣಗಲಿಲ್ಲ; ಗೊಣಗುವ ಬಾಯಿ ಹಿಂದಿನ ಸಂಜೆಯೇ ತನ್ನ ಕೆಲಸ ಮಾಡಿ ಮುಗಿಸಿತ್ತು.

ಹುಡುಗಿ ಪಾಸಾದಳು. ಹೆಚ್ಚೇನೂ ಅಂಕ ಬರಲಿಲ್ಲವಂತೆ, ಆದರೆ ಪಾಸು. ಈಗ ಬೆಳಿಗ್ಗೆಯ ಬಸ್ಸಿಗೆ ರೋಣದ ಕಾಲೇಜಿಗೆ ಹೋಗುತ್ತಾಳೆ. ಇದನ್ನು ನನಗೆ ಹೇಳಿದವಳು ಮುದುಕಿ. ಹುಡುಗಿಯ ತಾಯಿ ಆಮೇಲೆ ನಮ್ಮ ಹೊಲಕ್ಕೆ ಎಷ್ಟೋ ಸಲ ಬಂದಿದ್ದಾಳೆ, ನನ್ನ ಪಕ್ಕದ ಸಾಲಿನಲ್ಲೇ ಕೂತು ಕಳೆ ತೆಗೆದಿದ್ದಾಳೆ, ಮಳೆ ಬಿಸಿಲು ಅಂತ ನಾಲ್ಕು ಮಾತು ಆಡಿದ್ದಾಳೆ. ಮಗಳ ಸುದ್ದಿ ಮಾತ್ರ ಎತ್ತಿಲ್ಲ. ನಾನೂ ಕೇಳಿಲ್ಲ. ಕೇಳಿದರೆ ಹೇಳಿಯಾಳು, ನಾನು ಕೇಳಿದೆ ಅಂತಲೇ ಹೇಳಿಯಾಳು ಅನ್ನುವ ಹೆದರಿಕೆ ನನಗೆ.